ಹಳೆಯ ಕಂಪ್ಯೂಟರಿನ ಪ್ರೊಸೆಸರ್ ಮಿತಿಮೀರಿ ಕಾಯುತ್ತಿದ್ದರೆ: ಕಾವಿನ ದಾರಿ ಹಿಡಿದು ದೋಷ ಹುಡುಕುವ ಬಗೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಲಗ್ನಪತ್ರಿಕೆಗಳ ಕೆಲಸ ಬಿಡುವಿಲ್ಲದೆ ನಡೆಯುತ್ತಿದ್ದ ಹೊತ್ತಿನಲ್ಲಿ, ಮಂಡ್ಯದ ನಮ್ಮ ಡಿ.ಟಿ.ಪಿ. ಅಂಗಡಿಯ ಕಂಪ್ಯೂಟರು ಯಾವ ಸೂಚನೆಯನ್ನೂ ಕೊಡದೆ ಆರಿಹೋಯಿತು. ಮತ್ತೆ ಹಾಕಿದರೆ ಹತ್ತು ನಿಮಿಷ ನಡೆಯಿತು; ಮೂರನೆಯ ಸಲ ಹಾಕಿದಾಗ ನಾಲ್ಕು ನಿಮಿಷವೂ ನಿಲ್ಲಲಿಲ್ಲ. ನೋಡಲು ಬಂದ ರಿಪೇರಿಯವರು, ಇದು ಏಳು ವರ್ಷದ ಯಂತ್ರ, ಪ್ರೊಸೆಸರ್ ಹೋಗಿದೆ, ಇನ್ನು ಖರ್ಚು ಮಾಡುವುದು ದಂಡ, ಹೊಸದನ್ನೇ ತೆಗೆದುಕೊಳ್ಳಿ ಎಂದು ಹೇಳಿ ಹೋದರು. ಆದರೆ ಪ್ರೊಸೆಸರಿಗೆ ಏನೂ ಆಗಿರಲಿಲ್ಲ. ಅದೇ ಪ್ರೊಸೆಸರ್ ಇಂದಿಗೂ ಅದೇ ಮೇಜಿನ ಕೆಳಗೆ ಕೆಲಸ ಮಾಡುತ್ತಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವಂತಹ ಇಂತಹ ಸಲಹೆಯಿಂದ ಸಾವಿರಾರು ರೂಪಾಯಿ ಕಳೆದುಕೊಂಡವರನ್ನು ನಾನು ಬಲ್ಲೆನಾದ್ದರಿಂದ, ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕೆಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರಿನ ಒಳಗಿರುವ ಸಿಲಿಕಾನ್ ತುಣುಕು ಹೆಬ್ಬೆರಳಿನ ಉಗುರಿನಷ್ಟು ಅಗಲದ್ದು. ಅದು ಭಾರಿ ಕೆಲಸದಲ್ಲಿ ಸುಮಾರು 65 ವ್ಯಾಟ್, ಅಂದರೆ ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ 60 ವ್ಯಾಟಿನ ಹಳದಿ ಬಲ್ಬಿನಷ್ಟು ಕಾವನ್ನು ಹೊರಹಾಕುತ್ತದೆ. ಈ ಕಾವು ಸಿಲಿಕಾನಿನಿಂದ ಅದರ ಮೇಲಿನ ಲೋಹದ ಮುಚ್ಚಳಕ್ಕೆ, ಮುಚ್ಚಳದಿಂದ ಥರ್ಮಲ್ ಪೇಸ್ಟಿಗೆ (ಕಾವು ದಾಟಿಸುವ ಲೇಪ), ಪೇಸ್ಟಿನಿಂದ ಹೀಟ್‌ಸಿಂಕಿಗೆ (ಕಾವನ್ನು ಹೀರಿ ಹರಡುವ, ರೆಕ್ಕೆಗಳಿರುವ ಲೋಹದ ಗಟ್ಟಿ), ಹೀಟ್‌ಸಿಂಕಿನ ರೆಕ್ಕೆಗಳಿಂದ ಫ್ಯಾನಿನ ಗಾಳಿಗೆ, ಅಲ್ಲಿಂದ ಕ್ಯಾಬಿನೆಟ್ಟಿನ ಹೊರಗೆ ಕೋಣೆಗೆ ಸೇರುತ್ತದೆ. ವಯಸ್ಸಾಗುವುದು ಬಹುಮಟ್ಟಿಗೆ ಈ ದಾರಿಗೆ, ಪ್ರೊಸೆಸರಿಗಲ್ಲ. ಪೇಸ್ಟ್ ಒಣಗುತ್ತದೆ, ಹೀಟ್‌ಸಿಂಕನ್ನು ಹಿಡಿದಿಡುವ ಪ್ಲಾಸ್ಟಿಕ್ ಕಾಲುಗಳು ಬಿಗಿ ಕಳೆದುಕೊಳ್ಳುತ್ತವೆ, ಫ್ಯಾನಿನ ಬೇರಿಂಗ್ ಸವೆಯುತ್ತದೆ, ರೆಕ್ಕೆಗಳ ನಡುವೆ ಧೂಳು ಗಟ್ಟಿಯಾಗುತ್ತದೆ. ಆದ್ದರಿಂದ ಹುಡುಕಾಟವು ಹೊರಗಿನಿಂದ ಒಳಕ್ಕೆ, ಖರ್ಚಿಲ್ಲದ ಕೆಲಸದಿಂದ ಖರ್ಚಿನ ಕೆಲಸಕ್ಕೆ ಸಾಗಬೇಕು.

ಮೊದಲು ಅಳತೆ

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಬಿಸಿಯನ್ನು ಅಳೆಯಬೇಕು. ವಿಂಡೋಸ್ ಇದ್ದರೆ ಎಚ್‌ಡಬ್ಲ್ಯುಇನ್ಫೋ ಅಥವಾ ಕೋರ್ ಟೆಂಪ್, ಲಿನಕ್ಸ್ ಇದ್ದರೆ ಎಲ್‌ಎಂ-ಸೆನ್ಸರ್ಸ್ ಎಂಬ ಬಿಸಿ ತೋರಿಸುವ ತಂತ್ರಾಂಶ ಸಾಕು. ಯಂತ್ರ ಹಾಕಿದ ಕೂಡಲೇ ತೆರೆಯಬಹುದಾದ ಬಯೋಸ್ ಎಂಬ ಮೂಲ ಹೊಂದಿಕೆಯ ಪರದೆಯಲ್ಲೂ ಡಿಗ್ರಿ ಕಾಣಿಸುತ್ತದೆಯಾದರೂ ಅಲ್ಲಿ ಯಂತ್ರಕ್ಕೆ ಕೆಲಸದ ಹೊರೆ ಹಾಕಲು ಬಾರದು. ಯಂತ್ರವನ್ನು ಹದಿನೈದು ನಿಮಿಷ ಸುಮ್ಮನೆ ಬಿಟ್ಟು ಒಂದು ಸಲ, ಅನಂತರ ಪ್ರೊಸೆಸರಿಗೆ ಪೂರ್ತಿ ಹೊರೆ ಹಾಕುವ ಸಿನೆಬೆಂಚಿನಂತಹ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ ಇನ್ನೊಂದು ಸಲ ಅಂಕಿಯನ್ನು ಬರೆದುಕೊಳ್ಳಬೇಕು. ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಪ್ರೊಸೆಸರುಗಳ ಮಿತಿ 100 ಡಿಗ್ರಿ ಸೆಲ್ಸಿಯಸ್. ಎಎಂಡಿಯ ರೈಜೆನ್ 5000 ಸರಣಿಯ ಹಲವದರ ಮಿತಿ 90 ಡಿಗ್ರಿ. 7000 ಸರಣಿಯ ಹೆಚ್ಚು ಶಕ್ತಿಯ ಪ್ರೊಸೆಸರುಗಳಂತೂ ಭಾರಿ ಕೆಲಸದಲ್ಲಿ 95ರ ವರೆಗೆ ಏರುವಂತೆಯೇ ರೂಪುಗೊಂಡಿವೆ. ಹಾಗಾಗಿ ಒಬ್ಬರ ಯಂತ್ರದ ಅಂಕಿಯನ್ನು ಇನ್ನೊಬ್ಬರ ಯಂತ್ರಕ್ಕೆ ಹೋಲಿಸಿ ಗಾಬರಿಪಡುವುದು ಸರಿಯಲ್ಲ.

ನಮ್ಮ ಭಾಗದಲ್ಲಿ ಅಳತೆಯ ಜೊತೆಗೆ ಕೋಣೆಯ ಬಿಸಿಯನ್ನೂ ಬರೆದುಕೊಳ್ಳುವುದು ಅತ್ಯಗತ್ಯ, ಏಕೆಂದರೆ ಕೋಣೆ ಎಷ್ಟು ಡಿಗ್ರಿ ಏರುತ್ತದೆಯೋ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಮೈಸೂರಿನಲ್ಲಿ ಡಿಸೆಂಬರ್ ಬೆಳಗ್ಗೆ ಕೋಣೆ 20 ಡಿಗ್ರಿ ಇದ್ದಾಗ 62 ತೋರಿಸಿದ ಯಂತ್ರ, ಏಪ್ರಿಲ್ ಮಧ್ಯಾಹ್ನ ಕೋಣೆ 34 ಇದ್ದಾಗ 76 ತೋರಿಸಿದರೆ ಅದು ಕೆಟ್ಟಿಲ್ಲ; ಎರಡು ಸಲವೂ ವ್ಯತ್ಯಾಸ 42 ಡಿಗ್ರಿಯೇ. ಅದೇ ವ್ಯತ್ಯಾಸ 55ಕ್ಕೋ 60ಕ್ಕೋ ಏರಿದರೆ ಆಗ ದಾರಿಯಲ್ಲಿ ಎಲ್ಲೋ ತಡೆ ಬಿದ್ದಿದೆ ಎಂದು ಅರ್ಥ. ಮೇಲಿನ ಸೀಲಿಂಗ್ ಫ್ಯಾನು ನಮ್ಮ ಬೆವರನ್ನು ಆರಿಸುತ್ತದೆಯೇ ಹೊರತು ಕೋಣೆಯ ಗಾಳಿಯನ್ನು ತಂಪು ಮಾಡುವುದಿಲ್ಲವಾದ್ದರಿಂದ, ಗೋಡೆಗೆ ತೂಗುಹಾಕುವ ಒಂದು ಸಾಧಾರಣ ಥರ್ಮಾಮೀಟರನ್ನು ಕ್ಯಾಬಿನೆಟ್ಟಿನ ಪಕ್ಕದಲ್ಲೇ ಇಟ್ಟು ಓದಿಕೊಳ್ಳುವುದು ಒಳ್ಳೆಯದು.

ಮಿತಿ ಮುಟ್ಟಿದ ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ 3.2 ಗಿಗಾಹರ್ಟ್ಸ್ ಇರಬೇಕಾದ ವೇಗ ಭಾರಿ ಕೆಲಸದ ನಡುವೆಯೇ 1ರ ಕೆಳಗೆ ಬೀಳುತ್ತಿದ್ದರೆ, ಯಂತ್ರ ನಿಧಾನವಾಗಿರುವುದಕ್ಕೆ ಕಾವೇ ಕಾರಣವಿರಬಹುದು. ಯಂತ್ರ ಪೂರ್ತಿ ಆರಿಹೋಗುವುದು ಅದರ ಮುಂದಿನ ಹಂತ. ಆದರೆ ಆರುವ ಕ್ಷಣದಲ್ಲಿ ಪ್ರೊಸೆಸರ್ 60 ಡಿಗ್ರಿಯಷ್ಟೇ ಇದ್ದರೆ ಹೀಟ್‌ಸಿಂಕನ್ನು ಬಿಚ್ಚಿ ಪ್ರಯೋಜನವಿಲ್ಲ. ಆಗ ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗೆ ವಿದ್ಯುತ್ತು ಒದಗಿಸುವ ಡಬ್ಬಿ), ಯುಪಿಎಸ್ ಅಥವಾ ಗೋಡೆಯ ಸಾಕೆಟ್ಟಿನ ಕಡೆ ನೋಡಬೇಕು.

ಏರುವ ಬಗೆಯೇ ದೋಷದ ಜಾಗವನ್ನು ಹೇಳುತ್ತದೆ

ಇಡೀ ಹುಡುಕಾಟದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಈ ಒಂದು ಪರೀಕ್ಷೆ. ಹೊರೆ ಹಾಕಿದ ಕೂಡಲೇ ಗಡಿಯಾರ ನೋಡುತ್ತಾ ಅಂಕಿಯನ್ನು ಗಮನಿಸಬೇಕು. 40ರಲ್ಲಿದ್ದ ಡಿಗ್ರಿ ಎರಡು ಮೂರು ಸೆಕೆಂಡುಗಳಲ್ಲಿ 95ಕ್ಕೆ ಜಿಗಿದರೆ, ಕಾವು ಹೀಟ್‌ಸಿಂಕನ್ನು ತಲುಪುತ್ತಲೇ ಇಲ್ಲ. ಪೇಸ್ಟ್ ಒಣಗಿದೆ ಅಥವಾ ಹೀಟ್‌ಸಿಂಕು ಒಂದು ಮೂಲೆಯಲ್ಲಿ ಎದ್ದಿದೆ. ಅದೇ ಡಿಗ್ರಿ ಮೆಲ್ಲಮೆಲ್ಲನೆ, ಐದರಿಂದ ಹದಿನೈದು ನಿಮಿಷಗಳಲ್ಲಿ ಏರುತ್ತಾ ಹೋಗಿ ಮಿತಿ ಮುಟ್ಟಿದರೆ, ಹೀಟ್‌ಸಿಂಕಿಗೆ ಕಾವು ಬರುತ್ತಿದೆ, ಆದರೆ ಅದನ್ನು ಹೊತ್ತೊಯ್ಯಲು ಸಾಕಷ್ಟು ಗಾಳಿ ಇಲ್ಲ. ಯಂತ್ರ ಆರಿದ ತಕ್ಷಣ ಪ್ಲಗ್ ತೆಗೆದು, ಪಕ್ಕದ ಮುಚ್ಚಳ ಬಿಚ್ಚಿ, ಹೀಟ್‌ಸಿಂಕಿನ ಬದಿಯನ್ನು ಬೆರಳಿನಿಂದ ಎಚ್ಚರಿಕೆಯಿಂದ ಸೋಕಿದರೆ ಇದು ಖಚಿತವಾಗುತ್ತದೆ: ಪ್ರೊಸೆಸರ್ 100 ತೋರಿಸಿದ್ದರೂ ಹೀಟ್‌ಸಿಂಕು ತಣ್ಣಗಿದ್ದರೆ ದೋಷ ಪೇಸ್ಟಿನಲ್ಲಿ ಅಥವಾ ಬಿಗಿತದಲ್ಲಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ದೋಷ ಗಾಳಿಯಲ್ಲಿ. ಇನ್ನೊಂದು ಸಲ ಪಕ್ಕದ ಮುಚ್ಚಳ ತೆಗೆದೇ ಪರೀಕ್ಷೆ ನಡೆಸಿ. ಡಿಗ್ರಿ ಗಣನೀಯವಾಗಿ ಇಳಿದರೆ ಕ್ಯಾಬಿನೆಟ್ಟಿಗೆ ಉಸಿರಾಡಲು ಜಾಗವಿಲ್ಲ. ಕಂಪ್ಯೂಟರ್ ಟೇಬಲ್ಲಿನ ಕೆಳಗಿನ ಮುಚ್ಚಿದ ಗೂಡಿನಲ್ಲಿ ಕ್ಯಾಬಿನೆಟ್ಟನ್ನು ತುರುಕಿಟ್ಟಿರುವುದು, ಧೂಳು ಬೀಳಬಾರದೆಂದು ಹೊದಿಸಿದ ಬಟ್ಟೆಯನ್ನು ಯಂತ್ರ ಓಡುವಾಗಲೂ ತೆಗೆಯದಿರುವುದು, ಇವೆರಡನ್ನು ನಾನು ನೋಡಿದಷ್ಟು ಬೇರಾವ ಕಾರಣವನ್ನೂ ನೋಡಿಲ್ಲ. ಯಂತ್ರವನ್ನು ಒಂದು ಗೇಣು ಹೊರಗೆ ಎಳೆದಿಟ್ಟರೆ ಎಷ್ಟೋ ಮನೆಗಳಲ್ಲಿ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಧೂಳು ಮತ್ತು ಫ್ಯಾನು

ನಮ್ಮ ಅಂಗಡಿಯ ಯಂತ್ರ ನಿಧಾನವಾಗಿ ಏರುವ ಜಾತಿಯದಾಗಿತ್ತು. ಫ್ಯಾನು ಜೋರಾಗಿ ತಿರುಗುತ್ತಿತ್ತು, ಸದ್ದೂ ಇತ್ತು, ಆದರೆ ಫ್ಯಾನನ್ನು ಹೀಟ್‌ಸಿಂಕಿನಿಂದ ಬೇರ್ಪಡಿಸಿದಾಗ ಅದರ ಕೆಳಗೆ ಅಲ್ಯೂಮಿನಿಯಂ ರೆಕ್ಕೆಗಳೇ ಕಾಣಿಸಲಿಲ್ಲ. ಬೂದುಬಣ್ಣದ ಕಂಬಳಿಯ ತುಂಡಿನಂತಹ ಒಂದು ಪದರ ಅಂಚಿನಿಂದ ಅಂಚಿಗೆ ಹಾಸಿಕೊಂಡಿತ್ತು. ಅದನ್ನು ಉಗುರಿನಿಂದ ಎಬ್ಬಿಸಿದರೆ ಇಡಿಯಾಗಿ ಎದ್ದು ಬಂತು, ಕೈಗೆ ಅಂಟಿತು, ಮೂಗಿನ ಬಳಿ ಹಿಡಿದರೆ ಊದುಬತ್ತಿಯ ವಾಸನೆ ಬರುತ್ತಿತ್ತು. ಪ್ರತಿ ಶುಕ್ರವಾರ ಪೂಜೆ ಮಾಡಿ ಊದುಬತ್ತಿಯ ಸ್ಟ್ಯಾಂಡನ್ನು ಕ್ಯಾಬಿನೆಟ್ಟಿನ ಮೇಲೆಯೇ ಇಡುತ್ತಿದ್ದೆವು. ಒಣ ಧೂಳು ಊದಿದರೆ ಹಾರುತ್ತದೆ. ಊದುಬತ್ತಿ, ಕರ್ಪೂರ ಮತ್ತು ಒಗ್ಗರಣೆಯ ಹೊಗೆಯ ಜಿಡ್ಡಿನೊಡನೆ ಬೆರೆತ ಧೂಳು ಹಾರುವುದಿಲ್ಲ. ಆಲೆಮನೆಗಳ ಹತ್ತಿರದ ಹಳ್ಳಿಗಳಲ್ಲಿ ಒಲೆಯ ಮಸಿ, ಜೆರಾಕ್ಸ್ ಅಂಗಡಿಗಳಲ್ಲಿ ಕಾಗದದ ಪುಡಿ, ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಹಿಟ್ಟು, ಹೀಗೆ ಯಂತ್ರ ಇರುವ ಜಾಗವೇ ಅದರೊಳಗೆ ಸೇರುವ ಕೊಳೆಯನ್ನು ತೀರ್ಮಾನಿಸುತ್ತದೆ.

ಶುಚಿ ಮಾಡುವ ಮೊದಲು ಪ್ಲಗ್ ತೆಗೆದು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಬೇಕು. ನಮ್ಮ ಮೈಯಲ್ಲಿನ ಸ್ಥಾಯೀ ವಿದ್ಯುತ್ತು ಅಲ್ಲಿಗೆ ಇಳಿಯುತ್ತದೆ. ಕ್ಯಾಬಿನೆಟ್ಟನ್ನು ಜಗಲಿಗೋ ತಾರಸಿಗೋ ಒಯ್ದು, ಬ್ಲೋಯರಿನಿಂದ ರೆಕ್ಕೆಗಳ ಬದಿಯಿಂದ ಊದಬೇಕು. ಆಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದುಕೊಳ್ಳುವುದನ್ನು ಮರೆಯಬಾರದು, ಏಕೆಂದರೆ ಗಾಳಿಯ ರಭಸಕ್ಕೆ ಅದು ತನ್ನ ಅಳವಿಗಿಂತ ಹೆಚ್ಚು ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ ಮತ್ತು ಫ್ಯಾನೇ ಡೈನಮೋದಂತೆ ಬೋರ್ಡಿಗೆ ವಿದ್ಯುತ್ತನ್ನು ಹಿಂದಕ್ಕೆ ತಳ್ಳಬಹುದು. ಜಿಡ್ಡು ಇದ್ದರೆ ಹೊಸ ಪೇಂಟ್ ಬ್ರಷ್ಷಿನಿಂದ ಎಬ್ಬಿಸಿ ಊದಬೇಕು. ಅದಕ್ಕೂ ಬಗ್ಗದಿದ್ದರೆ ಹೀಟ್‌ಸಿಂಕನ್ನು ಬಿಚ್ಚಿ, ಫ್ಯಾನನ್ನು ಪೂರ್ತಿ ತೆಗೆದಿಟ್ಟು, ಬರಿಯ ಲೋಹವನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಂದು ದಿನ ಬಿಸಿಲಿನಲ್ಲಿ ಒಣಗಿಸಬಹುದು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಹೊರಗಿನಿಂದ ಊದಬೇಕೇ ಹೊರತು ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗಿನ, ವಿದ್ಯುತ್ತು ಕೂಡಿಡುವ ಕೆಪಾಸಿಟರುಗಳಲ್ಲಿ ಪ್ರಾಣಾಪಾಯವಾಗುವಷ್ಟು ವಿದ್ಯುತ್ತು ಉಳಿದಿರಬಹುದು.

ಈ ಕೆಲಸಕ್ಕೆ ನಮ್ಮಲ್ಲಿ ಒಂದು ದಿನ ತಾನಾಗಿಯೇ ಗೊತ್ತಾಗಿದೆ. ದಸರಾದ ಆಯುಧಪೂಜೆಗೆ ಮೊದಲು ಮೈಸೂರು ಸೀಮೆಯಲ್ಲಿ ಗಾಡಿ, ಪಂಪ್‌ಸೆಟ್ಟು, ತಕ್ಕಡಿಗಳನ್ನೆಲ್ಲ ತೊಳೆದು ಒರೆಸುತ್ತಾರೆ. ಕಂಪ್ಯೂಟರನ್ನು ಮಾತ್ರ ಹೊರಗೆ ಒರೆಸಿ ಕುಂಕುಮ ಇಡುತ್ತಾರೆ. ಆ ದಿನವೇ ಮುಚ್ಚಳ ತೆಗೆದು ಒಳಗನ್ನೂ ಶುಚಿ ಮಾಡಿದರೆ ವರ್ಷಕ್ಕೊಮ್ಮೆಯ ಕೆಲಸ ತಪ್ಪುವುದಿಲ್ಲ. ಅರಿಶಿನ ಕುಂಕುಮವನ್ನು ಗಾಳಿ ಒಳಸೇರುವ ಜಾಲರಿಯ ಮೇಲೆ ಹಚ್ಚದೆ ಪಕ್ಕದ ಲೋಹದ ಮೇಲೆ ಹಚ್ಚಬೇಕೆಂದೂ, ಊದುಬತ್ತಿಯನ್ನು ದೂರದ ಗೂಡಿನಲ್ಲಿ ಇಡಬೇಕೆಂದೂ ನಾನು ಎಲ್ಲರಿಗೂ ಕೇಳಿಕೊಳ್ಳುತ್ತೇನೆ.

ಫ್ಯಾನು ತಿರುಗುತ್ತಿದೆ ಎಂದ ಮಾತ್ರಕ್ಕೆ ಸರಿಯಿದೆ ಎಂದಲ್ಲ. ತಂತ್ರಾಂಶದಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಕಾಣಿಸುತ್ತದೆ. ಹೊರೆ ಹೆಚ್ಚಿದಂತೆ ಆ ಅಂಕಿ ಏರದಿದ್ದರೆ ಬಯೋಸಿನಲ್ಲಿರುವ ಫ್ಯಾನಿನ ಹೊಂದಿಕೆಯನ್ನು ನೋಡಬೇಕು. ಹಳೆಯ ಬೋರ್ಡುಗಳಲ್ಲಿ ಸಿಆರ್2032 ಎಂಬ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಸತ್ತು, ಪ್ರತಿ ಸಲ ಕರೆಂಟು ಹೋದಾಗಲೂ ನಾವು ಮಾಡಿಟ್ಟ ಹೊಂದಿಕೆ ಅಳಿಸಿಹೋಗುವುದುಂಟು. ಗಡಿಯಾರ ತಪ್ಪು ತೋರಿಸುವುದು ಅದರ ಗುರುತು. ಯಂತ್ರ ಆರಿಸಿ ಫ್ಯಾನನ್ನು ಬೆರಳಿನಿಂದ ತಿರುಗಿಸಿದಾಗ ಗರಗರ ಎಂದರೆ ಅಥವಾ ಅಕ್ಷ ಅಲುಗಾಡಿದರೆ ಬೇರಿಂಗ್ ಸವೆದಿದೆ. ನಡುವಿನ ಸ್ಟಿಕ್ಕರ್ ಎತ್ತಿ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ತೊಟ್ಟು ಬಿಟ್ಟರೆ ಕೆಲವು ವಾರ ನಡೆಯುತ್ತದೆ. ಕೊಬ್ಬರಿ ಎಣ್ಣೆಯನ್ನು ಹಾಕಬಾರದು. ಡಿಸೆಂಬರಿನಲ್ಲಿ ಅದು ಸೀಸೆಯಲ್ಲಿ ಹೆಪ್ಪುಗಟ್ಟುವಂತೆಯೇ ಬೇರಿಂಗಿನಲ್ಲೂ ಹೆಪ್ಪುಗಟ್ಟುತ್ತದೆ. ಅಳತೆ ಮತ್ತು ಪಿನ್ನುಗಳ ಸಂಖ್ಯೆ ನೋಡಿಕೊಂಡು ಹೊಸ ಫ್ಯಾನನ್ನು ಹಾಕುವುದೇ ಸರಿಯಾದ ಪರಿಹಾರ.

ಪೇಸ್ಟ್ ಬದಲಿಸುವುದು

ಪ್ರೊಸೆಸರಿನ ಮುಚ್ಚಳವೂ ಹೀಟ್‌ಸಿಂಕಿನ ತಳವೂ ಕಣ್ಣಿಗೆ ನುಣುಪಾಗಿ ಕಂಡರೂ ಅವುಗಳ ನಡುವೆ ಸೂಕ್ಷ್ಮ ಗುಳಿಗಳಿರುತ್ತವೆ, ಗುಳಿಗಳಲ್ಲಿ ಗಾಳಿ ಇರುತ್ತದೆ. ತಾಮ್ರದ ಉಷ್ಣವಾಹಕತೆ (ಕಾವನ್ನು ದಾಟಿಸುವ ಶಕ್ತಿ) ಮೀಟರ್-ಕೆಲ್ವಿನ್‌ಗೆ ಸುಮಾರು 400 ವ್ಯಾಟ್ ಆದರೆ ಗಾಳಿಯದು 0.026 ಮಾತ್ರ. ಪೇಸ್ಟಿನದು ಸಾಮಾನ್ಯವಾಗಿ ಒಂದಂಕಿಯಷ್ಟೇ, ತಾಮ್ರಕ್ಕೆ ಹೋಲಿಸಿದರೆ ಅಲ್ಪ. ಆದರೆ ಗಾಳಿಗಿಂತ ಎಷ್ಟೋ ಪಾಲು ಹೆಚ್ಚು. ಗಾಳಿಯನ್ನು ಹೊರತಳ್ಳಿ ಗುಳಿಗಳನ್ನು ತುಂಬುವುದಷ್ಟೇ ಅದರ ಕೆಲಸ. ಯಂತ್ರ ದಿನವೂ ಕಾದು ಆರುವಾಗ ಲೋಹಗಳು ಹಿಗ್ಗಿ ಕುಗ್ಗಿ ಪೇಸ್ಟನ್ನು ಸ್ವಲ್ಪಸ್ವಲ್ಪವಾಗಿ ಅಂಚಿಗೆ ನೂಕುತ್ತವೆ, ಉಳಿದದ್ದರ ಎಣ್ಣೆಯ ಅಂಶ ಒಣಗುತ್ತದೆ. ಹಳೆಯ ಯಂತ್ರ ಬಿಚ್ಚಿದಾಗ ನಡುವೆ ಬೋಳಾಗಿ, ಅಂಚಿನಲ್ಲಿ ಹಳೆಯ ಗೋಡೆಯ ಸುಣ್ಣದಂತೆ ಚಕ್ಕೆಯೇಳುವ ಬಿಳಿ ಪದರ ಕಂಡರೆ ಕಾರಣ ಸಿಕ್ಕಿತೆಂದೇ ತಿಳಿಯಬೇಕು.

ಬಿಚ್ಚುವ ಮೊದಲು ಯಂತ್ರವನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಮೆತ್ತಗಾಗುವಂತೆ ಮಾಡಿ, ಅನಂತರ ಆರಿಸಿ, ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುಚಿ ಎತ್ತಬೇಕು. ನಾನು ಇದನ್ನು ಕಲಿತದ್ದು ಮೈಸೂರಿನಲ್ಲಿ, ನನ್ನ ಅಕ್ಕನ ಮಗನ ರೈಜೆನ್ ಯಂತ್ರದಲ್ಲಿ. ತಣ್ಣಗಿದ್ದ ಹೀಟ್‌ಸಿಂಕನ್ನು ನೆಟ್ಟಗೆ ಮೇಲಕ್ಕೆಳೆದೆ; ಒಣಗಿದ ಪೇಸ್ಟಿಗೆ ಕಚ್ಚಿಕೊಂಡಿದ್ದ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಅದರೊಡನೆಯೇ ಬಂದಿತು. ಎಎಂ4 ಎಂಬ ಸಾಕೆಟ್ಟಿಗೆ ಕೂರುವ ಅಂತಹ ಪ್ರೊಸೆಸರಿನ ಕೆಳಗೆ ಕೂದಲಿನಂತಹ 1,331 ಪಿನ್ನುಗಳಿರುತ್ತವೆ. ‘ಮಾವ, ಈ ಮೂಲೇಲಿ ಎರಡು ಬಗ್ಗಿವೆ’ ಎಂದು ಅವನು ದೀಪ ಹಿಡಿದು ತೋರಿಸಿದ. ಸೀಸದ ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ತುದಿಯನ್ನು ಪಿನ್ನಿಗೆ ತೂರಿಸಿ, ಎರಡನ್ನೂ ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ, ಪ್ರೊಸೆಸರ್ ಉಳಿಯಿತು. ಆದರೆ ಒಂದು ಪಿನ್ನು ಮುರಿದಿದ್ದರೂ ಹಣ ಹೋದಂತೆಯೇ. ಇಂಟೆಲ್‌ನ ಇತ್ತೀಚಿನ ಬೋರ್ಡುಗಳಲ್ಲಿ ಪಿನ್ನುಗಳು ಸಾಕೆಟ್ಟಿನಲ್ಲಿರುವುದರಿಂದ ಈ ಅಪಾಯವಿಲ್ಲ; ಅಲ್ಲಿ ಸಾಕೆಟ್ಟಿನೊಳಗೆ ಬೆರಳು ತಾಗಿಸದಿದ್ದರೆ ಸಾಕು.

ಹಳೆಯ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ, ನೂಲು ಬಿಡದ ಬಟ್ಟೆಯಿಂದ ಲೋಹ ಹೊಳೆಯುವ ತನಕ ಒರೆಸಬೇಕು. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನಿನಂತಹ ಜಿಡ್ಡೂ ಇರುತ್ತವೆ. ಹೊಸ ಪೇಸ್ಟನ್ನು ಮುಚ್ಚಳದ ನಡುವೆ ತೊಗರಿಕಾಳಿನಷ್ಟು ಇಟ್ಟರೆ ಸಾಕು. ಹೀಟ್‌ಸಿಂಕಿನ ಒತ್ತಡಕ್ಕೆ ಅದೇ ಹರಡಿಕೊಳ್ಳುತ್ತದೆ. ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಇಂಟೆಲ್ ಪ್ರೊಸೆಸರಿನ ಜೊತೆಗೆ ಬರುವ ಹೀಟ್‌ಸಿಂಕಿಗೆ ಸ್ಕ್ರೂಗಳ ಬದಲು ಒತ್ತಿ ಕೂರಿಸುವ ನಾಲ್ಕು ಪ್ಲಾಸ್ಟಿಕ್ ಕಾಲುಗಳಿರುತ್ತವೆ. ತಲೆಯನ್ನು ಬಾಣದ ದಿಕ್ಕಿಗೆ ತಿರುಗಿಸಿದರೆ ಬಿಡುತ್ತದೆ, ಹಿಂದಕ್ಕೆ ತಿರುಗಿಸಿ ಒತ್ತಿದರೆ ಟಕ್ಕೆಂದು ಕೂರುತ್ತದೆ. ವರ್ಷಾನುಗಟ್ಟಲೆ ಕಾವಿನಲ್ಲಿದ್ದ ಈ ಕಾಲುಗಳು ಸೀಳಿರಬಹುದು. ಒಂದು ಕಾಲು ಎದ್ದರೂ ಹೀಟ್‌ಸಿಂಕು ಓರೆಯಾಗಿ, ಹೊಸ ಪೇಸ್ಟ್ ಹಾಕಿದರೂ ಡಿಗ್ರಿ ಇಳಿಯುವುದಿಲ್ಲ. ಬೋರ್ಡಿನ ಹಿಂಬದಿಯಿಂದ ನಾಲ್ಕೂ ಕಾಲುಗಳು ಪೂರ್ತಿ ಹೊರಬಂದಿವೆಯೇ ಎಂದು ಟಾರ್ಚ್ ಹಾಕಿ ನೋಡಲೇಬೇಕು, ಮತ್ತು ಮುಚ್ಚುವ ಮೊದಲು ಫ್ಯಾನಿನ ವೈರು ಬೋರ್ಡಿಗೆ ಸೇರಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

ಲ್ಯಾಪ್‌ಟಾಪಿನಲ್ಲಿ ತತ್ವ ಇದೇ, ಕೈಚಳಕ ಬೇರೆ. ಮೊದಲು ಬ್ಯಾಟರಿಯ ಕನೆಕ್ಟರನ್ನು ಬಿಡಿಸಬೇಕು. ಬ್ಯಾಟರಿ ಉಬ್ಬಿರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ ತಿಳಿದವರಿಗೆ ಒಪ್ಪಿಸಬೇಕು, ಅದನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಬೆಂಕಿಗೆ ಆಹ್ವಾನ. ಸ್ಕ್ರೂಗಳ ಉದ್ದ ಬೇರೆಬೇರೆ ಇರುವುದರಿಂದ ಕಾಗದದ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡುವುದು ಸುಲಭ ಉಪಾಯ. ಧೂಳಿನ ಪದರ ಇಲ್ಲಿ ಫ್ಯಾನಿಗೂ ತಾಮ್ರದ ಜಾಲರಿಗೂ ನಡುವೆ ಅಡಗಿರುತ್ತದೆಯಾದ್ದರಿಂದ ಹೊರಗಿನಿಂದ ಊದಿದರೆ ಪೂರ್ತಿ ಹೋಗುವುದಿಲ್ಲ. ಲೋಹದ ಮುಚ್ಚಳವಿಲ್ಲದ ಬರಿಯ ಸಿಲಿಕಾನಿನ ಮೇಲೆ ಪೇಸ್ಟನ್ನು ಎಲ್ಲೂ ಖಾಲಿ ಬಿಡದಂತೆ ತೆಳ್ಳಗೆ ಹರಡಬೇಕು. ಪಕ್ಕದ ಚಿಪ್ಪುಗಳ ಮೇಲಿರುವ ಮೆತ್ತನೆಯ ಥರ್ಮಲ್ ಪ್ಯಾಡುಗಳು ಹರಿದಿದ್ದರೆ ಅದೇ ದಪ್ಪದ ಪ್ಯಾಡನ್ನೇ ಹಾಕಬೇಕು. ಆ ಸಂದನ್ನು ಪೇಸ್ಟಿನಿಂದ ತುಂಬಲಾಗದು.

ಉಳಿದ ಸಂದೇಹಗಳು

ಇಷ್ಟೆಲ್ಲ ಸರಿಯಿದ್ದೂ ಸುಮ್ಮನಿರುವಾಗಲೇ ಡಿಗ್ರಿ ಏರುತ್ತಿದ್ದರೆ ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರನ್ನು ಯಾರು ದುಡಿಸುತ್ತಿದ್ದಾರೆಂದು ನೋಡಬೇಕು. ಹೆಸರು ಕೇಳದ ಯಾವುದೋ ತಂತ್ರಾಂಶ ಹಗಲೂ ರಾತ್ರಿ 80 ಪ್ರತಿಶತ ಬಳಸುತ್ತಿದ್ದರೆ ಅದು ಕ್ರಿಪ್ಟೋ ನಾಣ್ಯಕ್ಕಾಗಿ ಯಂತ್ರವನ್ನು ಕದ್ದು ದುಡಿಸುವ ವೈರಸ್ ಇರಬಹುದು. ಬೇಸಗೆಯ ಮಟ್ಟಿಗೆ ತಾತ್ಕಾಲಿಕ ಶಮನ ಬೇಕಿದ್ದರೆ ವಿಂಡೋಸಿನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬುದನ್ನು 100ರಿಂದ 99ಕ್ಕೆ ಇಳಿಸಬಹುದು. ಬಹಳಷ್ಟು ಇಂಟೆಲ್ ಯಂತ್ರಗಳಲ್ಲಿ ಇದು ಟರ್ಬೊ ಎಂಬ ಹೆಚ್ಚುವರಿ ವೇಗವನ್ನು ನಿಲ್ಲಿಸುತ್ತದೆ. ಕಾವು ವೇಗಕ್ಕೆ ಅನುಗುಣವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುವುದರಿಂದ, ಸ್ವಲ್ಪ ವೇಗ ಬಿಟ್ಟುಕೊಟ್ಟರೂ ಡಿಗ್ರಿ ಚೆನ್ನಾಗಿ ಇಳಿಯುತ್ತದೆ.

ಪ್ರೊಸೆಸರೇ ದೋಷಿಯಾಗಿರುವ ಸಂದರ್ಭಗಳು ಇಲ್ಲವೆಂದಲ್ಲ. 2012ರಲ್ಲಿ ಬಂದ ಮೂರನೆಯ ಪೀಳಿಗೆಯಿಂದ ಎಂಟನೆಯ ಪೀಳಿಗೆಯವರೆಗೆ ಇಂಟೆಲ್ ತನ್ನ ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರುಗಳ ಮುಚ್ಚಳದ ಒಳಗೂ ಬೆಸುಗೆಯ ಬದಲು ಪೇಸ್ಟನ್ನೇ ಬಳಸಿತ್ತು. ಅದು ಒಣಗಿದರೆ ನಮ್ಮ ಕೈಯಲ್ಲಿ ಮಾಡುವಂಥದ್ದು ಹೆಚ್ಚಿಲ್ಲ, ಮುಚ್ಚಳ ಎಬ್ಬಿಸುವ ಸಾಹಸವನ್ನು ನಾನು ಯಾರಿಗೂ ಹೇಳುವುದಿಲ್ಲ. 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಮಿತಿಮೀರಿದ ವೋಲ್ಟೇಜಿನಿಂದ ಕ್ರಮೇಣ ಹಾಳಾಗುತ್ತಿದ್ದುದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಬಯೋಸ್ ಮೂಲಕ ಸೇರಿಸುವ ತಿದ್ದುಪಡಿಯನ್ನು ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅಂತಹ ಯಂತ್ರವಿದ್ದವರು ಮೊದಲು ಬಯೋಸ್ ಅಪ್‌ಡೇಟ್ ಮಾಡಬೇಕು. ಹಾನಿಯಾಗಿದ್ದರೆ ಅಪ್‌ಡೇಟಿನಿಂದ ಅದು ಸರಿಹೋಗುವುದಿಲ್ಲ, ವಾರಂಟಿಯನ್ನೇ ಕೇಳಬೇಕು. ಬೋರ್ಡಿನಲ್ಲಿ ಸಾಕೆಟ್ಟಿನ ಸುತ್ತಲಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ದೋಷ ಬೋರ್ಡಿನದು.

ಎಲ್ಲ ಮುಗಿದ ಮೇಲೆ ಮೊದಲಿನ ಪರೀಕ್ಷೆಯನ್ನೇ ಮತ್ತೆ ನಡೆಸಿ, ಕೋಣೆಯ ಡಿಗ್ರಿ, ಪ್ರೊಸೆಸರಿನ ಡಿಗ್ರಿ ಮತ್ತು ಪೇಸ್ಟ್ ಹಾಕಿದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಮುಚ್ಚಳದ ಒಳಬದಿಗೆ ಅಂಟಿಸಿಡಿ. ನಮ್ಮ ಅಂಗಡಿಯ ಯಂತ್ರದೊಳಗಿನ ಚೀಟಿಯಲ್ಲಿ ಶುಚಿ ಮಾಡುವ ಮೊದಲಿನ ಸಾಲು ‘ಕೋಣೆ 35, ಆರು ನಿಮಿಷಕ್ಕೆ 100’ ಎಂದಿದೆ. ಅದರ ಕೆಳಗಿನ ಸಾಲು ‘ಕೋಣೆ 35, ಹತ್ತು ನಿಮಿಷಕ್ಕೆ 74’.